ರಾತ್ರಿಯಿಡೀ ಓಡುವ ಚಿತ್ರದ ಕೆಲಸಕ್ಕೆ ನಾನು ಕಾವಲಿಡುವ ಬಗೆ

ಎಐಗೆ ಹೇಳಿ ಒಂದು ಚಿತ್ರ ಮಾಡಿಸೋದಕ್ಕೆ ಕಾವಲು ಬೇಕಿಲ್ಲ. ಅರ್ಧ ನಿಮಿಷದೊಳಗೆ ಬರುತ್ತದೆ. ಹಿಡಿಸಿದರೆ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ಇನ್ನೊಂದು ಸಲ ಒತ್ತುತ್ತೇವೆ. ತಲೆನೋವು ಶುರುವಾಗೋದು ನೂರಾರು ಚಿತ್ರ ಒಟ್ಟಿಗೆ ಬೇಕಾದಾಗ. ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಡಿಸೈನ್ ಅಂಗಡಿ. ಮದುವೆ ಆಲ್ಬಮ್ಮಿನ ಹಿನ್ನೆಲೆ, ಬೆಲ್ಲದ ಪುಡಿ ಪ್ಯಾಕೆಟ್ಟಿನ ಲೇಬಲ್ಲು, ಮಕ್ಕಳ ಕಥೆ ಕಾರ್ಡು, ಹೀಗೆ ಬಂದದ್ದನ್ನೆಲ್ಲ ಮಾಡುತ್ತೇನೆ. ಹಗಲು ಕಂಪ್ಯೂಟರ್ ನನಗೆ ಬೇಕು. ಹಾಗಾಗಿ ಚಿತ್ರದ ಕೆಲಸವೆಲ್ಲ ರಾತ್ರಿ, ಶಟರ್ ಎಳೆದ ಮೇಲೆ.

ಯಂತ್ರ ದೊಡ್ಡದೇನಲ್ಲ. ಎನ್ವಿಡಿಯಾ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು, 12 ಜಿಬಿ ಮೆಮೊರಿ, ಉಬುಂಟು. ಚಿತ್ರ ಬಿಡಿಸುವ ಎಐ ಮಾಡೆಲ್ 2023ರ ಜುಲೈನಲ್ಲಿ ಬಂದ ಎಸ್‌ಡಿಎಕ್ಸ್‌ಎಲ್. ಅದನ್ನು ಓಡಿಸೋದು ಕಂಫಿಯುಐ ಅನ್ನುವ ಪ್ರೋಗ್ರಾಂ ಮೂಲಕ. ಇದಕ್ಕಿಂತ ಹೊಸ ಮಾಡೆಲ್‌ಗಳು ಬಂದಿವೆ, ಗೊತ್ತು. ನನ್ನ ಕಾರ್ಡಿಗೆ ಇದು ಸಲೀಸು, ನನ್ನ ಕೆಲಸಕ್ಕೆ ಸಾಕು.

ಅಷ್ಟು ಹೊತ್ತು ಯಾಕೆ ಹಿಡಿಯುತ್ತೆ ಅಂತ ಕೇಳುವವರಿಗೆ ಒಂದು ಲೆಕ್ಕ. ಈಗ ಜಾಸ್ತಿ ನಡೆಯೋದು 12 ಇಂಚಿಗೆ 36 ಇಂಚಿನ ಆಲ್ಬಮ್ ಶೀಟು. 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕ ಹಾಕಿದರೆ 10800 × 3600 ಪಿಕ್ಸೆಲ್, ಅಂದರೆ ಹತ್ತಿರ ಹತ್ತಿರ 3.9 ಕೋಟಿ ಚುಕ್ಕಿ. ಎಸ್‌ಡಿಎಕ್ಸ್‌ಎಲ್ ಒಂದು ಸಲಕ್ಕೆ ಚೆನ್ನಾಗಿ ಕೊಡೋದು 1024 × 1024ರಷ್ಟು, ಅಂದರೆ ಸುಮಾರು 10 ಲಕ್ಷ ಚುಕ್ಕಿ. ಆದ್ದರಿಂದ ಮೊದಲು ಚಿಕ್ಕದಾಗಿ ಮಾಡಿ, ಆಮೇಲೆ ಹಿಗ್ಗಿಸಿ, ಹಿಗ್ಗಿಸಿದ್ದನ್ನು ತುಂಡು ತುಂಡಾಗಿ ಮತ್ತೆ ಮಾಡೆಲ್ಲಿಗೆ ಕೊಟ್ಟು ವಿವರ ತುಂಬಿಸಬೇಕು. 1024ರ ತುಂಡು ಅಂತ ಇಟ್ಟುಕೊಂಡರೆ ಅಡ್ಡಕ್ಕೆ 11, ಉದ್ದಕ್ಕೆ 4. ಒಂದೇ ಶೀಟಿಗೆ 44 ತುಂಡು.

ಪರ್ಸೆಂಟ್ ಪಟ್ಟಿಯ ಮೇಲೆ ನಂಬಿಕೆ ಹೋಗೋದು ಇಲ್ಲೇ. ಟರ್ಮಿನಲ್ಲಿನಲ್ಲಿ (ಕಮಾಂಡು ಬರೆಯುವ ಕಿಟಕಿ) ಕಾಣುವ ಆ ಪಟ್ಟಿ ಇಡೀ ಕೆಲಸದ್ದಲ್ಲ. ಆಗ ನಡೀತಿರುವ ಒಂದು ಹಂತದ ಸ್ಟೆಪ್ಪುಗಳದ್ದು. ಮಸುಕಿನಿಂದ ಚಿತ್ರವನ್ನು ಸ್ವಲ್ಪ ಸ್ವಲ್ಪವೇ ಮೂಡಿಸುವ ಒಂದೊಂದು ಸುತ್ತೇ ಸ್ಟೆಪ್ಪು. ಸೊನ್ನೆಯಿಂದ ನೂರಕ್ಕೆ ಹೋಗುತ್ತದೆ, ಮುಂದಿನ ತುಂಡಿಗೆ ಮತ್ತೆ ಸೊನ್ನೆ. ಒಂದು ಶೀಟು ಮುಗಿಯೋದರೊಳಗೆ 44 ಸಲ ನೂರು ಮುಟ್ಟುತ್ತದೆ! ಇನ್ನೊಂದು ಚಂದ ಇದೆ. ಸ್ಟೆಪ್ಪುಗಳೆಲ್ಲ ಮುಗಿದ ಮೇಲೆ ಮಾಡೆಲ್ಲಿನ ಒಳಗಿನ ಚಿತ್ರವನ್ನು ನಾವು ನೋಡುವ ಚಿತ್ರವಾಗಿ ಬಿಡಿಸುವ ಕೆಲಸ ಬಾಕಿ ಇರುತ್ತದೆ. ಅದನ್ನು ಮಾಡೋದು ವಿಎಇ ಅನ್ನುವ ಭಾಗ. ಅದಕ್ಕೆ ಪಟ್ಟಿಯಲ್ಲಿ ಜಾಗ ಇಲ್ಲ. ಚಿತ್ರ ದೊಡ್ಡದಿದ್ದರೆ ಅದೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಪಟ್ಟಿ ನೂರರಲ್ಲಿ ನಿಂತಿರುತ್ತೆ, ನೋಡುವವರು ಹ್ಯಾಂಗ್ ಆಯ್ತು ಅಂದುಕೊಂಡು ಆಫ್ ಮಾಡಿಬಿಡುತ್ತಾರೆ.

ಗಿರಾಕಿಗೆ ಪರ್ಸೆಂಟ್ ಹೇಳೋದಂತೂ ಬೇಡವೇ ಬೇಡ.

"ಅಣ್ಣ, ಎಲ್ಲಿಗ್ ಬಂತು?"

"ಎಂಬತ್ತು ಪರ್ಸೆಂಟ್ ಆಗಿದೆ."

"ಹಂಗಾದ್ರೆ ಒಂದರ್ಧ ಗಂಟೆ ಬಿಟ್ಟು ಬಂದ್ಬಿಡ್ಲಾ?"

ಅವರ ತಪ್ಪಲ್ಲ. ಎಂಬತ್ತು ಅಂದರೆ ಯಾರಿಗಾದರೂ ಹಾಗೇ ಅನಿಸೋದು. ಚಿಕ್ಕ ಚಿತ್ರಗಳೆಲ್ಲ ಮೊದಲೇ ಮುಗಿದು, ಹಿಗ್ಗಿಸುವ ಶೀಟುಗಳು ಕೊನೆಯಲ್ಲಿ ಉಳಿದಿದ್ದರೆ ಆ ಇಪ್ಪತ್ತು ಪರ್ಸೆಂಟೇ ಮುಕ್ಕಾಲು ರಾತ್ರಿ ತಿನ್ನುತ್ತದೆ.

ನಮ್ಮ ಕಡೆ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವನು ಗಡಿಯಾರ ನೋಡೋದಿಲ್ಲ. ಒಂಚೂರು ಪಾಕ ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ನೋಡುತ್ತಾನೆ. ನಾನು ಮಾಡೋದೂ ಅಷ್ಟೇ. ಎಷ್ಟು ಪರ್ಸೆಂಟ್ ಅಂತ ಕೇಳೋದನ್ನು ಬಿಟ್ಟಿದ್ದೇನೆ. ಕೊನೆಯ ಚಿತ್ರ ಯಾವಾಗ ಬಂತು, ಬಂದದ್ದು ಹೇಗಿದೆ, ಇವೆರಡನ್ನೇ ಕೇಳುತ್ತೇನೆ.

ಯಾವಾಗ ಬಂತು ಅನ್ನೋದಕ್ಕೆ ಉತ್ತರ ಫೋಲ್ಡರಿನಲ್ಲೇ ಇದೆ. ಹೊಸ ಫೈಲು ಬಿದ್ದ ಹೊತ್ತು ನೋಡಿದರೆ ಮುಗೀತು. ಕಂಫಿಯುಐ ವೆಬ್‌ಸಾಕೆಟ್ ಅನ್ನುವ ಸದಾ ತೆರೆದಿರುವ ಸಂಪರ್ಕದ ಮೂಲಕ ಕ್ಷಣಕ್ಷಣದ ಸುದ್ದಿಯನ್ನೂ ಕೊಡುತ್ತದೆ. ಯಾವ ನೋಡ್ (ಕೆಲಸದ ಒಂದು ಭಾಗ) ಓಡ್ತಿದೆ, ಎಷ್ಟನೇ ಸ್ಟೆಪ್ಪು, ಎಲ್ಲಿ ಎರರ್ ಬಂತು, ಎಲ್ಲಾ ಸಿಗುತ್ತದೆ. ಆದರೆ ಮಧ್ಯೆ ವೈಫೈ ಕಡಿದು ಮತ್ತೆ ಸೇರಿದರೆ, ಆ ನಡುವೆ ಹೋದ ಸುದ್ದಿ ಹೋದಂತೆಯೇ. ಅದನ್ನೇ ನೆಚ್ಚಿಕೊಂಡು ಲೆಕ್ಕ ಇಟ್ಟರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ವೆಬ್‌ಸಾಕೆಟ್ಟನ್ನು ಸುಮ್ನೆ ನೋಡೋದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಲೆಕ್ಕಕ್ಕೆ ಬೇರೆ ದಾರಿ: ಸರತಿಯಲ್ಲಿ ಎಷ್ಟಿವೆ ಅಂತ ಕಂಫಿಯುಐನ ಕ್ಯೂ ವಿಳಾಸಕ್ಕೆ ಕೇಳೋದು, ಮುಗಿದದ್ದನ್ನು ಹಿಸ್ಟರಿ ವಿಳಾಸಕ್ಕೆ ಕೇಳೋದು, ಎರಡನ್ನೂ ಫೋಲ್ಡರಿನ ಫೈಲಿಗೆ ತಾಳೆ ನೋಡೋದು.

ತಾಳೆ ಯಾಕೆ ಅಂದರೆ, ಸರತಿ ಖಾಲಿಯಾದ ಮಾತ್ರಕ್ಕೆ ಚಿತ್ರ ಬಂದಿದೆ ಅಂತಲ್ಲ. ಅದೇ ಪ್ರಾಂಪ್ಟು (ಏನು ಬೇಕು ಅಂತ ಬರೆದ ಮಾತು), ಅದೇ ಸೀಡ್ (ಚಿತ್ರ ಎಲ್ಲಿಂದ ಶುರುವಾಗಬೇಕು ಅನ್ನುವ ಅಂಕಿ) ಮತ್ತೆ ಕೊಟ್ಟರೆ ಕಂಫಿಯುಐ ಹಳೇ ಫಲಿತಾಂಶವನ್ನೇ ಇಟ್ಟುಕೊಂಡು ಏನೂ ಮಾಡದೆ ಮುಗಿಸಿಬಿಡುತ್ತದೆ. ಸೀಡ್ ಬದಲಾಯಿಸದೆ ಕೆಲಸದ ಪಟ್ಟಿ ಕೊಟ್ಟರೆ ಇಡೀ ಸರತಿ ಕಣ್ಣು ಮಿಟುಕಿಸೋದರೊಳಗೆ ಕರಗುತ್ತದೆ, ಫೋಲ್ಡರಿನಲ್ಲಿ ಒಂದೇ ಒಂದು ಚಿತ್ರ. ನನ್ನ ಸ್ಕ್ರಿಪ್ಟು, ಅಂದರೆ ಈ ಕೆಲಸ ನಡೆಸುವ ಪುಟ್ಟ ಪ್ರೋಗ್ರಾಂ, ಸೀಡನ್ನು ತಾನೇ ಹಾಕಿ, ಅದನ್ನು ಫೈಲಿನ ಹೆಸರಿನಲ್ಲೂ ಸೇರಿಸುತ್ತದೆ. ಬೇಕಾದ ಚಿತ್ರವನ್ನು ಮತ್ತೆ ತೆಗೆಯೋದಕ್ಕೂ ಅದು ಅನುಕೂಲ.

ಇನ್ನು ವೇಗ. ಒಂದೇ ಒಂದು ಅಂಕಿ ಮೇಲೆ ಕಣ್ಣಿಡಿ ಅಂದರೆ ನಾನು ತೋರಿಸೋದು ಇದನ್ನೇ. ಪರ್ಸೆಂಟ್ ಪಟ್ಟಿಯ ಬಲತುದಿಯಲ್ಲಿ ಸೆಕೆಂಡಿಗೆ ಎಷ್ಟು ಇಟರೇಷನ್ (ಅಂದರೆ ಸ್ಟೆಪ್ಪು) ಅಂತ ಬರುತ್ತದಲ್ಲ, ಅದು. ನನ್ನ ಕಾರ್ಡಿನಲ್ಲಿ 1.6ರ ಆಸುಪಾಸು ಇದ್ದರೆ ಎಲ್ಲಾ ಸರಿ. 30 ಸ್ಟೆಪ್ಪಿಗೆ 19 ಸೆಕೆಂಡು. ಇಲ್ಲೊಂದು ಮೋಸ ಇದೆ. ವೇಗ ಸೆಕೆಂಡಿಗೆ ಒಂದಕ್ಕಿಂತ ಕಮ್ಮಿಯಾದ ಕೂಡಲೇ ಆ ಪಟ್ಟಿ ಲೆಕ್ಕವನ್ನೇ ತಿರುಗಿಸಿ ತೋರಿಸುತ್ತದೆ. ಸೆಕೆಂಡಿಗೆ ಎಷ್ಟು ಇಟರೇಷನ್ ಅನ್ನೋದು ಹೋಗಿ, ಒಂದು ಇಟರೇಷನ್ನಿಗೆ ಎಷ್ಟು ಸೆಕೆಂಡು ಅಂತ ಆಗುತ್ತದೆ. ಅಂಕಿ ಮತ್ತೆ 1.6 ಅಂತಲೇ ಇರಬಹುದು. ಪಕ್ಕದ ಎರಡು ಪುಟ್ಟ ಇಂಗ್ಲಿಷ್ ಗುರುತು ಹಿಂದುಮುಂದಾಗಿರುತ್ತದೆ (it/s ಇದ್ದದ್ದು s/it), ಅಷ್ಟೇ. ಆದರೆ ಅದೇ 30 ಸ್ಟೆಪ್ಪಿಗೆ ಈಗ 48 ಸೆಕೆಂಡು! ನಿದ್ದೆಗಣ್ಣಲ್ಲಿ ಫೋನಿನಲ್ಲಿ ನೋಡಿದರೆ ಇದು ಖಂಡಿತ ಗೊತ್ತಾಗೋದಿಲ್ಲ. ಅದಕ್ಕೇ ನನ್ನ ಸ್ಕ್ರಿಪ್ಟು ಆ ಅಂಕಿಯನ್ನು ನನಗೆ ಕಳಿಸೋದೇ ಇಲ್ಲ. 'ಒಂದು ಚಿತ್ರಕ್ಕೆ ಎಷ್ಟು ಸೆಕೆಂಡು' ಅಂತ ಒಂದೇ ಅಳತೆಯಲ್ಲಿ ಕಳಿಸುತ್ತದೆ.

ವೇಗ ಬಿತ್ತು ಅಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು. ಕಾರ್ಡು ಕಾದಿದೆ, ಮೆಮೊರಿ ತುಂಬಿದೆ, ಇಲ್ಲವೇ ಬೇರೆ ಯಾವುದೋ ಪ್ರೋಗ್ರಾಂ ಕಾರ್ಡಿನಲ್ಲಿ ಕೂತಿದೆ. ಮೂರನ್ನೂ ಎನ್ವಿಡಿಯಾದ ಎಸ್‌ಎಂಐ ಅನ್ನುವ ಕಮಾಂಡು ಹೇಳುತ್ತದೆ. ವಿಂಡೋಸ್ ಇಟ್ಟುಕೊಂಡಿರುವ ಗೆಳೆಯರಿಗೆ ಮೆಮೊರಿ ವಿಚಾರ ಬೇರೆ ಥರ ಕಾಡುತ್ತದೆ. 2023ರ ಮಧ್ಯದಲ್ಲಿ ಬಂದ ಡ್ರೈವರಿನಿಂದ ಈಚೆಗೆ, ಕಾರ್ಡಿನ ಮೆಮೊರಿ ತುಂಬಿದರೆ ಎರರ್ ಬರೋದರ ಬದಲು ಉಳಿದದ್ದು ಕಂಪ್ಯೂಟರಿನ ಮಾಮೂಲಿ ರ‍್ಯಾಮಿಗೆ ಹರಿಯುತ್ತದೆ. ಕೆಲಸ ನಿಲ್ಲೋದಿಲ್ಲ, ತೆವಳುತ್ತದೆ. ನನ್ನ ಕೇಳಿದರೆ ನಿಂತುಬಿಡೋದೇ ವಾಸಿ. ನಿಂತದ್ದು ಕಣ್ಣಿಗೆ ಬೀಳುತ್ತದೆ, ತೆವಳಿದ್ದು ಬೆಳಗ್ಗೆವರೆಗೂ ಗೊತ್ತಾಗೋದಿಲ್ಲ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಇದನ್ನು ಬೇಡ ಅನ್ನುವ ಆಯ್ಕೆ ಇದೆ.

ಬಿಸಿಗೆ ನಾನು ಮಾಡಿಕೊಂಡ ಉಪಾಯ, ಕಾರ್ಡಿನ ಕರೆಂಟಿಗೇ ಮಿತಿ ಹಾಕೋದು. 3060 ಕಾರ್ಡು ಪೂರ್ತಿ ಜೋರಿನಲ್ಲಿ 170 ವ್ಯಾಟ್ ಎಳೆಯುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಶಟರ್ ಹಾಕಿದ ಅಂಗಡಿ ಹೇಗಿರುತ್ತೆ ಅಂತ ಮಂಡ್ಯದವರಿಗೆ ಹೇಳಬೇಕಿಲ್ಲ. ಅದೇ ಎಸ್‌ಎಂಐ ಕಮಾಂಡಿನಿಂದ ಮಿತಿಯನ್ನು 130ಕ್ಕೆ ಇಳಿಸುತ್ತೇನೆ. ವೇಗ ಒಂಚೂರು ಇಳಿಯುತ್ತದೆ, ಫ್ಯಾನಿನ ಗಲಾಟೆ ಚೆನ್ನಾಗಿಯೇ ಇಳಿಯುತ್ತದೆ. ಇಡೀ ರಾತ್ರಿ ಒಂದೇ ವೇಗ ಇದ್ದರೆ ಯಾವಾಗ ಮುಗಿಯುತ್ತೆ ಅನ್ನೋ ಅಂದಾಜೂ ಕೂರುತ್ತದೆ.

ಅಂದಾಜಿನ ಮಾತು ಬಂತಲ್ಲ, ಸರಾಸರಿ ತೆಗೆಯಬೇಡಿ. ಮೊದಲ ಚಿತ್ರದಲ್ಲಿ ಸುಮಾರು 7 ಜಿಬಿ ಮಾಡೆಲ್ ಫೈಲು ಡಿಸ್ಕಿನಿಂದ ಲೋಡ್ ಆಗುವ ಹೊತ್ತೂ ಸೇರಿರುತ್ತದೆ. ಅದು ಸರಾಸರಿಯನ್ನು ಕೆಡಿಸುತ್ತದೆ. ಕೊನೆಯ ಇಪ್ಪತ್ತು ಚಿತ್ರಗಳಿಗೆ ಹಿಡಿದ ಹೊತ್ತನ್ನು ಸಾಲಾಗಿ ಜೋಡಿಸಿ ನಡುವಿನದ್ದನ್ನು ತೆಗೆದುಕೊಳ್ಳುತ್ತೇನೆ. ಚಿಕ್ಕ ಚಿತ್ರಕ್ಕೆ ಬೇರೆ, ಹಿಗ್ಗಿಸುವ ಶೀಟಿಗೆ ಬೇರೆ.

ಈಗ ಎರಡನೇ ಪ್ರಶ್ನೆ, ಬಂದದ್ದು ಹೇಗಿದೆ? ಇದನ್ನೇ ಜನ ಮರೆಯೋದು. ಕೆಲಸ ನಿಲ್ಲಲಿಲ್ಲ, ಎರರ್ ಇಲ್ಲ, ಫೈಲು ಸಾಲಾಗಿ ಬೀಳ್ತಿವೆ. ತೆರೆದು ನೋಡಿದರೆ ಎಲ್ಲಾ ಕಪ್ಪು. ಎಸ್‌ಡಿಎಕ್ಸ್‌ಎಲ್ ಜೊತೆ ಬಂದ ಮೂಲ ವಿಎಇಯನ್ನು 16 ಬಿಟ್ ಲೆಕ್ಕದಲ್ಲಿ ಓಡಿಸಿದರೆ ಒಳಗಿನ ಅಂಕಿಗಳು ಮಿತಿ ಮೀರಿ ಚಿತ್ರ ಪೂರ್ತಿ ಕಪ್ಪಾಗೋದುಂಟು. ಅದಕ್ಕೆ ತಿದ್ದಿದ ವಿಎಇ ಸಿಗುತ್ತದೆ, ಅದನ್ನೇ ಹಾಕಿಕೊಳ್ಳಿ. ಆದರೂ ಒಂದು ತಪಾಸಣೆ ಇಟ್ಟಿದ್ದೇನೆ. ಬಲು ಸುಲಭ, ಫೈಲಿನ ಗಾತ್ರ ನೋಡೋದು, ಅಷ್ಟೇ. 1024ರ ಮಾಮೂಲಿ ಪಿಎನ್‌ಜಿ ಒಂದು ಎಂಬಿ ಮೇಲೆ ಇರುತ್ತದೆ. ಬರೀ ಕಪ್ಪು ಚಿತ್ರ ಕೆಲವೇ ಕೆಬಿ. 100 ಕೆಬಿಗಿಂತ ಕಮ್ಮಿಯ ಫೈಲು ಮೂರು ಸಾಲಾಗಿ ಬಂದರೆ ಸ್ಕ್ರಿಪ್ಟು ಕೆಲಸ ನಿಲ್ಲಿಸಿ ನನ್ನನ್ನು ಎಬ್ಬಿಸುತ್ತದೆ.

ಕಪ್ಪನ್ನು ಯಂತ್ರ ಹಿಡಿಯುತ್ತದೆ. ಬಿದಿರನ್ನು ಹಿಡಿಯೋದಿಲ್ಲ. ಮಕ್ಕಳ ಕಾರ್ಡಿಗೆ ಕಬ್ಬಿನ ಗದ್ದೆ ಬೇಕಿತ್ತು. ಮಾಡೆಲ್ ಎಷ್ಟೋ ಸಲ ಗಣ್ಣಿರುವ ಹಸಿರು ಕೋಲು ನೆಟ್ಟು ಮೇಲೆ ಬಿದಿರೆಲೆ ತೂಗುಹಾಕುತ್ತದೆ. ಪಕ್ಕದಲ್ಲಿ ಎತ್ತಿನ ಗಾಡಿ ಕೇಳಿದರೆ ನೊಗ ಎತ್ತಿನ ಹೊಟ್ಟೆಯೊಳಗೆ ಹೋಗಿರುತ್ತದೆ. ಕನ್ನಡ ಅಕ್ಷರದ ಪಾಡು ಕೇಳಲೇಬೇಡಿ, ಬೋರ್ಡಿನ ಮೇಲೆ ಜಿಲೇಬಿ ಬರೆದಿಡುತ್ತದೆ. ಅಕ್ಷರವನ್ನು ನಾನು ಯಾವಾಗಲೂ ಆಮೇಲೆ ಕೈಯಲ್ಲೇ ಕೂರಿಸುತ್ತೇನೆ. ಇಂಥದ್ದಕ್ಕೆಲ್ಲ ಮನುಷ್ಯನ ಕಣ್ಣೇ ಬೇಕು. ಹಾಗಂತ ನೂರಾರು ಚಿತ್ರಕ್ಕೂ ರಾತ್ರಿಯಿಡೀ ಕಣ್ಣು ಕೊಡೋಕಾಗುತ್ತಾ?

ಅದಕ್ಕೆ ಮಾಡಿಕೊಂಡದ್ದು ಕಾಂಟ್ಯಾಕ್ಟ್ ಶೀಟು. ಫೋಟೋ ಸ್ಟುಡಿಯೋದವರಿಗೆ ಇದು ಹೊಸದಲ್ಲ, ರೀಲಿನ ಕಾಲದಲ್ಲಿ ಇಡೀ ರೋಲನ್ನು ಒಂದೇ ಕಾಗದದ ಮೇಲೆ ಚಿಕ್ಕಚಿಕ್ಕದಾಗಿ ಹಾಕಿ ನೋಡುತ್ತಿದ್ದರು. ಇಪ್ಪತ್ತು ಚಿತ್ರ ಆದ ಕೂಡಲೇ ಇಮೇಜ್‌ಮ್ಯಾಜಿಕ್ಕಿನ ಮೊಂಟಾಜ್ ಕಮಾಂಡು ಎಲ್ಲವನ್ನೂ ಪುಟ್ಟದಾಗಿಸಿ, ಐದು ಸಾಲು ನಾಲ್ಕು ಕಂಬ ಜೋಡಿಸಿ, ಪ್ರತಿಯೊಂದರ ಕೆಳಗೆ ನಂಬರ್ ಬರೆಯುತ್ತದೆ, ಸ್ಕ್ರಿಪ್ಟು ಅದನ್ನು ನನ್ನ ಟೆಲಿಗ್ರಾಮಿಗೆ ಕಳಿಸುತ್ತದೆ. ಊಟ ಮಾಡ್ತಾ ಒಂದು ನೋಟ ಸಾಕು. ಮೊದಲ ಶೀಟಿನಲ್ಲೇ ಅರ್ಧಕ್ಕಿಂತ ಜಾಸ್ತಿ ಬಿದಿರಿದ್ದರೆ ಅಲ್ಲೇ ನಿಲ್ಲಿಸಿ ಪ್ರಾಂಪ್ಟು ತಿದ್ದುತ್ತೇನೆ. ಹಾಗಾಗಿ ಒಂದು ಕಡ್ಡಾಯ ಇದೆ: ಕೆಲಸದ ಪಟ್ಟಿಯನ್ನು ಕಲಸಿ ಓಡಿಸಬೇಕು. ಗದ್ದೆಯದ್ದೆಲ್ಲ ಮೊದಲು, ಮನೆಯದ್ದೆಲ್ಲ ಆಮೇಲೆ ಅಂತ ಸಾಲಾಗಿ ಕೊಟ್ಟರೆ, ಮನೆಯ ಎಡವಟ್ಟು ಗೊತ್ತಾಗೋದು ಬೆಳಗಿನ ಜಾವಕ್ಕೆ. ಎಲ್ಲಾ ಬಗೆಯದ್ದೂ ಮೊದಲ ಶೀಟಿನಲ್ಲಿ ಒಂದೊಂದು ಬಂದರೆ, ಮಲಗೋ ಮುಂಚೆಯೇ ಎಲ್ಲದರ ಹಣೆಬರಹ ಗೊತ್ತಾಗುತ್ತದೆ. ಹಿಗ್ಗಿಸುವ ಕೆಲಸವನ್ನು ನಾನು ಆರಿಸಿದ ನಂಬರುಗಳಿಗೆ ಮಾತ್ರ, ಬೇರೆ ಸರತಿಯಲ್ಲಿ ಕೊಡುತ್ತೇನೆ. 44 ತುಂಡಿನ ಖರ್ಚನ್ನು ಬಿದಿರಿಗೆ ಯಾಕೆ ಹಾಕಬೇಕು, ಅಲ್ವಾ?

ಒಂದೊಂದೇ ಚಿತ್ರ ಮೂಡುವಾಗ ಮಸುಕು ಮಸುಕಾಗಿ ಕಾಣುವ ಪ್ರಿವ್ಯೂ ಬಗ್ಗೆಯೂ ಕೇಳುತ್ತಾರೆ. ಕಂಫಿಯುಐನಲ್ಲಿ ಟಿಎಇಎಸ್‌ಡಿ ಅನ್ನುವ ಪುಟ್ಟ ಡಿಕೋಡರ್ (ವಿಎಇ ಥರವೇ ಚಿತ್ರ ಬಿಡಿಸುವ ಭಾಗ) ಹಾಕಿದರೆ ಅದು ಸಾಕಷ್ಟು ಸ್ಪಷ್ಟವಾಗಿಯೇ ಬರುತ್ತದೆ. ಚಿತ್ರದ ದೊಡ್ಡ ಆಕಾರ ಮೊದಲ ಕೆಲವು ಸ್ಟೆಪ್ಪಿನಲ್ಲೇ ಕೂರುತ್ತದೆ, ವಿವರ ಆಮೇಲೆ. ಹಗಲು ಕೂತು ಪ್ರಾಂಪ್ಟು ಹದ ಮಾಡುವಾಗ ಇದು ಬಹಳ ಉಪಯೋಗ, ಕೆಟ್ಟದ್ದನ್ನು ಅರ್ಧದಲ್ಲೇ ನಿಲ್ಲಿಸಬಹುದು. ರಾತ್ರಿಗೆ ಬೇಕಿಲ್ಲ. ನೋಡುವವರೇ ಇಲ್ಲದಿರುವಾಗ ಪ್ರಿವ್ಯೂ ಯಾರಿಗೆ?

ಸುದ್ದಿ ಕಳಿಸುವುದರಲ್ಲೂ ಒಂದು ಲೆಕ್ಕಾಚಾರ ಬೇಕು. ಪ್ರತಿ ಚಿತ್ರಕ್ಕೂ ಟಿಣ್ ಅಂತ ಮೆಸೇಜು ಬಂದರೆ ಎರಡೇ ದಿನದಲ್ಲಿ ಮ್ಯೂಟ್ ಮಾಡುತ್ತೀರಿ. ಆಮೇಲೆ ನಿಜವಾದ ತೊಂದರೆಯ ಮೆಸೇಜೂ ಮ್ಯೂಟ್. ಟೆಲಿಗ್ರಾಮ್ ಬಾಟಿನಲ್ಲಿ (ತಾನಾಗಿ ಮೆಸೇಜು ಕಳಿಸುವ ಖಾತೆ) ಕಳಿಸಿದ ಮೆಸೇಜನ್ನೇ ತಿದ್ದುವ ಸೌಲಭ್ಯ ಇದೆ. ರಾತ್ರಿಗೆ ಒಂದೇ ಮೆಸೇಜು, ಸ್ಕ್ರಿಪ್ಟು ಅದನ್ನೇ ತಿದ್ದುತ್ತಾ ಹೋಗುತ್ತದೆ: ಎಷ್ಟಾಯಿತು, ಕೊನೆಯದು ಎಷ್ಟೊತ್ತಿಗೆ, ಒಂದಕ್ಕೆ ಎಷ್ಟು ಸೆಕೆಂಡು, ಕಾರ್ಡಿನ ಬಿಸಿ ಎಷ್ಟು. ತಿದ್ದಿದ್ದಕ್ಕೆ ಫೋನು ಸದ್ದು ಮಾಡೋದಿಲ್ಲ. ಕಾಂಟ್ಯಾಕ್ಟ್ ಶೀಟೂ ಸದ್ದಿಲ್ಲದೆ ಬರುವಂತೆ ಇಟ್ಟಿದ್ದೇನೆ. ಸದ್ದು ಬರೋದು ಕೆಲಸ ನಿಂತಾಗ, ತೆವಳಿದಾಗ, ಕಪ್ಪಾದಾಗ, ಮುಗಿದಾಗ ಮಾತ್ರ.

ಇಷ್ಟೆಲ್ಲಾ ಇದ್ದರೂ ಒಂದು ತೂತು ಉಳಿಯುತ್ತದೆ. ಕಂಪ್ಯೂಟರೇ ಸತ್ತರೆ ನಾನು ಸತ್ತೆ ಅಂತ ಹೇಳುವವರು ಯಾರು? ಸುದ್ದಿ ಬರಲಿಲ್ಲ ಅಂದರೆ ಎಲ್ಲಾ ಚೆನ್ನಾಗಿದೆ ಅಂತ ನಾವು ನಿದ್ದೆ ಮಾಡುತ್ತಿರುತ್ತೇವೆ. ಕಾವಲುಗಾರ ಯಂತ್ರದ ಹೊರಗೇ ಇರಬೇಕು. ನನ್ನ ಹತ್ತಿರ ಸ್ಕ್ರೀನ್ ಬಿರುಕು ಬಿಟ್ಟ ಹಳೇ ಆಂಡ್ರಾಯ್ಡ್ ಫೋನು ಡ್ರಾಯರಿನಲ್ಲಿ ಬಿದ್ದಿತ್ತು. ಅದಕ್ಕೆ ಟರ್ಮಕ್ಸ್ ಅನ್ನುವ, ಫೋನಿನಲ್ಲೇ ಕಮಾಂಡು ಓಡಿಸುವ ಆಪ್ ಹಾಕಿ ಚಿಕ್ಕ ಸ್ಕ್ರಿಪ್ಟು ಕೂರಿಸಿದೆ. ಐದು ನಿಮಿಷಕ್ಕೊಮ್ಮೆ ಅಂಗಡಿಯ ವೈಫೈ ಮೇಲೆ ಕಂಫಿಯುಐನ 8188 ಪೋರ್ಟಿಗೆ (ಅದು ಹೊರಗಿನವರ ಜೊತೆ ಮಾತಾಡುವ ಬಾಗಿಲು) ಸರತಿ ಕೇಳುತ್ತದೆ. ಎರಡು ಸಲ ಉತ್ತರ ಬರಲಿಲ್ಲ ಅಂದರೆ ನನಗೆ ಮೆಸೇಜು. ಕರೆಂಟು ಹೋದರೆ ರೌಟರೂ ಹೋಗುತ್ತದೆ, ಆದರೆ ಫೋನಿಗೆ ತನ್ನದೇ ಬ್ಯಾಟರಿ, ಒಳಗೊಂದು ಸಿಮ್ಮು. ವೈಫೈ ಸತ್ತರೆ ಮೊಬೈಲ್ ಡೇಟಾದಲ್ಲಿ ಹೇಳುತ್ತದೆ. ಆಂಡ್ರಾಯ್ಡಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಟರ್ಮಕ್ಸನ್ನು ಹೊರಗಿಡೋದು ಮರೆಯಬೇಡಿ, ಇಲ್ಲದಿದ್ದರೆ ಕಾವಲುಗಾರನೇ ಗೊರಕೆ ಹೊಡೆಯುತ್ತಾನೆ.

ಇದಕ್ಕೆ ಕಂಫಿಯುಐಯನ್ನು ಲಿಸನ್ ಆಯ್ಕೆಯೊಂದಿಗೆ ಶುರು ಮಾಡಬೇಕು, ಆಗಲೇ ಬೇರೆ ಸಾಧನ ಅದರ ಜೊತೆ ಮಾತಾಡೋಕಾಗೋದು. ಆದರೆ ದಯವಿಟ್ಟು ರೌಟರಿನಲ್ಲಿ ಆ ಪೋರ್ಟನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆಯಬೇಡಿ. ತಾನಾಗಿ ಅದಕ್ಕೆ ಪಾಸ್‌ವರ್ಡ್ ಇರೋದಿಲ್ಲ. ಮನೆಯಿಂದ ನೋಡಬೇಕಿದ್ದರೆ ಟೇಲ್‌ಸ್ಕೇಲ್ ಥರದ ಖಾಸಗಿ ನೆಟ್‌ವರ್ಕ್ ಹಾಕಿಕೊಳ್ಳಿ.

ಕರೆಂಟಿನ ವಿಚಾರಕ್ಕೆ ಬಂದರೆ, ಹಲವು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಅಂತ ಒಂದು ಸ್ವಿಚ್ಚು ಇರುತ್ತದೆ, ಎಷ್ಟೋ ಜನ ನೋಡಿಯೇ ಇರೋದಿಲ್ಲ. ಅದು ಮಾಮೂಲಿ ಕಡೆ ಇದ್ದರೆ ಫ್ಯಾನು ಲೈಟಿಗೆ ಸಾಕು, ಆದರೆ ಕರೆಂಟ್ ಹೋಗಿ ಬ್ಯಾಟರಿಗೆ ತಿರುಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಯುಪಿಎಸ್ ಕಡೆ ಇಟ್ಟರೆ ಬೇಗ ತಿರುಗುತ್ತದೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇರುತ್ತದೆ. ಸೋರಿಕೆ ಕಳೆದರೂ 250–300 ವ್ಯಾಟ್ ಎಳೆಯುವ ಕಂಪ್ಯೂಟರಿಗೆ ಕೆಲವು ಗಂಟೆ ಬರುತ್ತದೆ. ಬ್ಯಾಟರಿ ಹಳೇದಾಗಿದ್ದರೆ ಈ ಲೆಕ್ಕ ಬಿಟ್ಟುಬಿಡಿ.

ಅದೂ ಮುಗಿದು ಎಲ್ಲಾ ಆಫ್ ಆಯ್ತು ಅಂತಲೇ ಇಟ್ಟುಕೊಳ್ಳೋಣ. ನಿಂತಲ್ಲಿಂದ ಮುಂದುವರಿಯಬೇಕು, ಮೊದಲಿಂದ ಅಲ್ಲ. ಕಂಫಿಯುಐನ ಸರತಿ ಇರೋದು ಮೆಮೊರಿಯಲ್ಲಿ, ಆಫ್ ಆದರೆ ಹೋಯ್ತು. ಅದಕ್ಕೇ ಪೂರ್ತಿ ಪಟ್ಟಿಯನ್ನು ಒಂದೇ ಸಲ ಅಲ್ಲಿಗೆ ಸುರಿಯೋದಿಲ್ಲ. ಪಟ್ಟಿ ನನ್ನ ಸಿಎಸ್‌ವಿ ಫೈಲಿನಲ್ಲಿ, ಅಂದರೆ ಸಾಲು ಸಾಲಾಗಿ ಬರೆದ ಸಾದಾ ಫೈಲಿನಲ್ಲಿ ಇರುತ್ತದೆ. ಸ್ಕ್ರಿಪ್ಟು ಒಂದಷ್ಟೇ ಕೆಲಸವನ್ನು ಸರತಿಗೆ ಹಾಕುತ್ತಾ, ಪ್ರತಿಯೊಂದಕ್ಕೂ ಮೊದಲು ಆ ಹೆಸರಿನ ಚಿತ್ರ ಆಗಲೇ ಇದೆಯಾ ಅಂತ ನೋಡುತ್ತದೆ. ಇದ್ದರೆ ಬಿಟ್ಟು ಮುಂದೆ. ಮುಗಿದ ಚಿತ್ರವನ್ನು ಒಂದು ಸಲ ಪೂರ್ತಿ ತೆರೆದು ನೋಡಿ, ಸರಿಯಿದ್ದರೆ ಮಾತ್ರ 'ಆಯ್ತು' ಫೋಲ್ಡರಿಗೆ ಸಾಗಿಸುತ್ತದೆ. ಬರೆಯುವಾಗಲೇ ಕರೆಂಟ್ ಹೋಗಿ ಅರ್ಧ ಉಳಿದ ಫೈಲು ಆದದ್ದರ ಲೆಕ್ಕಕ್ಕೆ ಸೇರಬಾರದು ನೋಡಿ.

ಆಲ್ಬಮ್ ಸೀಸನ್ನಿನಲ್ಲಿ ಕೆಲಸ ಜಾಸ್ತಿಯಾದರೆ ಗಂಟೆ ಲೆಕ್ಕದಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡಿರುವ ಯಂತ್ರ) ಬಾಡಿಗೆಗೆ ತೆಗೆದುಕೊಳ್ಳುತ್ತೇನೆ. ಅಲ್ಲಿ ಕಾವಲಿನ ದಿಕ್ಕೇ ಬೇರೆ. ಕೆಲಸ ನಿಂತರೆ ಬರುವ ನಷ್ಟಕ್ಕಿಂತ, ಮುಗಿದ ಮೇಲೂ ಮೀಟರ್ ಓಡುವ ನಷ್ಟ ದೊಡ್ಡದು. ಆದ್ದರಿಂದ ಮುಗಿದ ಕೂಡಲೇ ಚಿತ್ರಗಳನ್ನು ಇಳಿಸಿಕೊಂಡು ಯಂತ್ರವನ್ನು ತಾನೇ ಆಫ್ ಮಾಡುವ ಸಾಲು ಸ್ಕ್ರಿಪ್ಟಿನ ಕೊನೆಯಲ್ಲಿದೆ. ಇಪ್ಪತ್ತು ನಿಮಿಷ ಹೊಸ ಫೈಲು ಬೀಳದಿದ್ದರೂ ಆಫ್.

ಗಿರಾಕಿಗಳಿಗೆ ಈಗ ಕಾಂಟ್ಯಾಕ್ಟ್ ಶೀಟನ್ನೇ ವಾಟ್ಸಾಪ್ ಮಾಡುತ್ತೇನೆ. ಎಷ್ಟಾಗಿದೆ ಅಂತ ಅವರಿಗೇ ಕಾಣುತ್ತದೆ, "ಏಳು, ಹನ್ನೆರಡು ಬ್ಯಾಡ ಅಣ್ಣ, ಹದಿನೈದು ಸೂಪರ್" ಅಂತ ಉತ್ತರ ಬರುತ್ತದೆ. ಆ ನಂಬರುಗಳನ್ನು ಸಿಎಸ್‌ವಿಗೆ ಇನ್ನೂ ಕೈಯಲ್ಲೇ ಹಾಕುತ್ತಿದ್ದೇನೆ. ಬಾಟಿಗೇ ಓದಿಸಿ ತಾನಾಗಿ ಸರತಿಗೆ ಸೇರುವಂತೆ ಮಾಡಬಹುದು. ಆದರೆ ಕೆಲವರು ಒಂದೇ ಮೆಸೇಜಿನಲ್ಲಿ ಬೇಕಾದ್ದೂ ಬೇಡದ್ದೂ ಕಲಸಿ, ಮಧ್ಯೆ ಅಡ್ವಾನ್ಸ್ ದುಡ್ಡಿನ ಅಂಕಿಯನ್ನೂ ಸೇರಿಸಿ ಬರೆಯುತ್ತಾರೆ. ಅದನ್ನು ಓದೋದು ಸದ್ಯಕ್ಕೆ ನನ್ನ ಕೆಲಸವಾಗಿಯೇ ಇರಲಿ.